ಉಗುರು ಹೇಳಿದ ಸಾಕ್ಷಿ

ನಾವು ಅಕ್ಕ-ತಂಗಿ ಇಬ್ಬರು. ಹಿರಿಯಳು ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ದೆಹಲಿ ಸೇರಿ ಹದಿನೆಂಟು ವರ್ಷಗಳಾದವು. ಕಿರಿಯಳು ಮದುವೆಯಾಗಿ ಪುಣೆಗೆ ಹೋದವಳು ಈಗ ಆ ಊರಿನವಳೇ ಆಗಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ವರ್ಷವನ್ನು ಮೂರು ಪಾಲು ಮಾಡಿಕೊಂಡು ಹಾಸನ, ಪುಣೆ, ದೆಹಲಿಗಳಲ್ಲಿ ಕಳೆಯುತ್ತಾಳೆ. ಈ ಬರಹದಲ್ಲಿ ಲೇಖನಿ ಹಿಡಿದಿರುವುದು ಹಿರಿಯಳ ಕೈ. ಆದರೆ ಇಲ್ಲಿ ಬರುವ ತಪ್ಪಿನಲ್ಲಿ ಇಬ್ಬರಿಗೂ ಸಮಪಾಲು ಇರುವುದರಿಂದ ಉದ್ದಕ್ಕೂ ‘ನಾವು’ ಎಂದೇ ಬರೆಯುತ್ತಿದ್ದೇವೆ.

ನಾವು ಬೆಳೆದ ಮನೆಯಲ್ಲಿ ಉಗುರಿನ ಮಾತು ಬರುತ್ತಿದ್ದುದು ಹೆಚ್ಚಾಗಿ ನಿಷೇಧಗಳ ರೂಪದಲ್ಲಿ. ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಬಾರದು, ಮಂಗಳವಾರ ಶುಕ್ರವಾರ ಕತ್ತರಿಸಬಾರದು, ಕತ್ತರಿಸಿದ್ದು ಮನೆಯೊಳಗೆ ಬೀಳಬಾರದು, ಹಲ್ಲಿನಿಂದ ಕಚ್ಚಬಾರದು. ಅಲಂಕಾರವೆಂಬುದೇನಿದ್ದರೂ ಆಷಾಢದಲ್ಲಿ ಹಿತ್ತಲಿನ ಗೋರಂಟಿ ಸೊಪ್ಪನ್ನು ರುಬ್ಬಿ ಬೆರಳ ತುದಿಗಳಿಗೆ ಟೋಪಿಯಂತೆ ಮೆತ್ತಿಕೊಳ್ಳುವುದು. ಚರ್ಮದ ಮೇಲಿನ ಬಣ್ಣ ಎರಡು ವಾರಗಳಲ್ಲಿ ಮಾಸಿದರೂ ಉಗುರಿನ ಕೆಂಪು ದೀಪಾವಳಿಯವರೆಗೆ ಉಳಿಯುತ್ತಿತ್ತು. ಉಗುರುಸುತ್ತು ಬಂದರೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸುತ್ತಿದ್ದರು. ನಮಗೆ ತಿಳಿದ ಉಗುರಿನ ಶಾಸ್ತ್ರ ಅಲ್ಲಿಗೆ ಮುಗಿಯುತ್ತಿತ್ತು.

ಅದರ ಮುಂದಿನ ಅಧ್ಯಾಯ ಆರಂಭವಾದದ್ದು 2023ರ ಚಳಿಗಾಲದಲ್ಲಿ, ದೆಹಲಿಯಲ್ಲಿ. ಹೀಟರಿನ ಒಣ ಗಾಳಿ, ಗಡಸು ನೀರು, ಪಾತ್ರೆ ತೊಳೆಯುವ ಸೋಪು ಮೂರೂ ಸೇರಿದರೆ ಉಗುರುಗಳು ಈರುಳ್ಳಿಯಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತವೆ. ಬುಡದ ಚರ್ಮ ಒಣಗಿ, ಸಿಪ್ಪೆಯೆದ್ದು, ಶಾಲಿನ ಎಳೆಗಳಿಗೆ ಸಿಕ್ಕಿಕೊಂಡು ಪ್ರಾಣ ಹಿಂಡುತ್ತದೆ. ಒಂದು ದಿನ ಕಚೇರಿಯಲ್ಲಿ ಕಡತ ಕಟ್ಟುವಾಗ ಹಿರಿಯಳ ಹೆಬ್ಬೆರಳ ಉಗುರು ಅರ್ಧಕ್ಕೆ ಸೀಳಿತು. ಫೋನಿನಲ್ಲಿ ಹೇಳಿಕೊಂಡರೆ ಪುಣೆಯಲ್ಲೂ ಅದೇ ಕಥೆ. ಅಂದಿನಿಂದ ಒಬ್ಬಳು ಸರೋಜಿನಿ ನಗರದ ಮಾರುಕಟ್ಟೆಯಲ್ಲಿ, ಇನ್ನೊಬ್ಬಳು ತುಳಶಿಬಾಗಿನಲ್ಲಿ ಹೊಸ ಹೊಸ ಸೀಸೆಗಳನ್ನು ಹುಡುಕಿ ಕೊಂಡು, ಹಚ್ಚಿ, ಫಲಿತಾಂಶವನ್ನು ರಾತ್ರಿಯ ಫೋನಿನಲ್ಲಿ ವರದಿ ಮಾಡುವ ಕಾರ್ಯಕ್ರಮ ಶುರುವಾಯಿತು.

ಮೊದಲು ಬಂದದ್ದು ಉಗುರನ್ನು ಗಟ್ಟಿಗೊಳಿಸುವ ಬಣ್ಣವಿಲ್ಲದ ಲೇಪ. ಮೊದಲ ಎರಡು ವಾರ ಪವಾಡವೇ ನಡೆದಂತಾಯಿತು. ಉಗುರು ಮೇಜಿಗೆ ತಾಗಿದರೆ ಟಕ್ಕೆಂದು ಸದ್ದಾಗುತ್ತಿತ್ತು. ನಾಲ್ಕನೆಯ ವಾರಕ್ಕೆ ಬಾಗುವುದನ್ನೇ ಮರೆತ ಉಗುರುಗಳು ಸುಟ್ಟ ಹಪ್ಪಳದಂತೆ ಲಟಕ್ಕೆಂದು ಮುರಿಯತೊಡಗಿದವು. ಇಂಥ ಕೆಲವು ಲೇಪಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಉಗುರಿನ ಕೆರಾಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಲಿದುಬಿಡುತ್ತದೆ. ಹೊಲಿಗೆ ಹೆಚ್ಚಾದಷ್ಟೂ ಗಡಸು ಹೆಚ್ಚುತ್ತದೆ, ಬಳುಕು ಇಲ್ಲವಾಗುತ್ತದೆ. ಇಂಗ್ಲಿಷಿನಲ್ಲಿ ಉಗುರಿಗೂ ಮೊಳೆಗೂ ‘ನೇಲ್’ ಎಂಬುದೊಂದೇ ಪದ. ಇಂಗ್ಲಿಷ್ ಎಂ.ಎ. ಮಾಡಿದ ಹಿರಿಯಳಿಗೆ ಆಗ ಹೊಳೆದದ್ದು, ನಾವು ಇಷ್ಟು ದಿನ ಉಗುರನ್ನು ಮೊಳೆ ಮಾಡಲು ಹೊರಟಿದ್ದೆವು ಎಂದು. ಕನ್ನಡವು ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡು ನಮ್ಮನ್ನು ಮೊದಲೇ ಎಚ್ಚರಿಸಿತ್ತು.

ಅನಂತರ ಬುಡದ ಚರ್ಮದ ಸರದಿ. ಅಂಗಡಿಯವರು ಕ್ಯುಟಿಕಲ್ ಎನ್ನುವ ಆ ತೆಳುವಾದ ಪೊರೆ ಸುಮ್ಮನೆ ಇರುವುದಲ್ಲ. ಚರ್ಮ ಮತ್ತು ಉಗುರಿನ ನಡುವಿನ ಸಂದನ್ನು ಮುಚ್ಚಿ, ನೀರೂ ಸೋಂಕೂ ಒಳಗೆ ಇಳಿಯದಂತೆ ಕಾಯುವ ಅಂಟು ಅದು. ಇದನ್ನು ಅರಿಯದ ಕಿರಿಯಳು ಒಂದು ಪಾರ್ಲರಿನಲ್ಲಿ ಅದನ್ನು ನೀಟಾಗಿ ಕತ್ತರಿಸಿಕೊಂಡು ಬಂದು, ನಾಲ್ಕೇ ದಿನಕ್ಕೆ ಉಗುರುಸುತ್ತು ತಂದುಕೊಂಡಳು. ನಿಂಬೆಹಣ್ಣಿನ ನೆನಪಾಯಿತಾದರೂ ವೈದ್ಯರ ಆಂಟಿಬಯೋಟಿಕ್ ಬೇಕಾಯಿತು. ಪೊರೆ ಕರಗಿಸುವ ದ್ರವವೊಂದನ್ನು ಹಚ್ಚಿದ ಹಿರಿಯಳು, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟು ಬೆರಳು ಉರಿಸಿಕೊಂಡಳು. ಯೂರಿಯಾ ಇರುವ ಮುಲಾಮು ನಿಜಕ್ಕೂ ಚರ್ಮವನ್ನು ಮೆತ್ತಗೆ ಮಾಡಿತು. ಪುಟ್ಟ ಸೀಸೆಯ ದುಬಾರಿ ಎಣ್ಣೆಯೂ ಚೆನ್ನಾಗಿಯೇ ಇತ್ತು. ಅದು ಮುಗಿದ ಮೇಲೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಅಷ್ಟೇ ಚೆನ್ನಾಗಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿದ್ದಿರಬೇಕು.

ಇಷ್ಟಕ್ಕೇ ನಿಂತಿದ್ದರೆ ಇದು ನಗುವಿನ ಕಥೆಯಾಗಿ ಉಳಿಯುತ್ತಿತ್ತು.

2024ರ ಲೋಕಸಭಾ ಚುನಾವಣೆಯಲ್ಲಿ ನಾವು ಮೂವರೂ ಮತ ಹಾಕಿದೆವು. ಅಮ್ಮ ಏಪ್ರಿಲ್ 26ರಂದು ಹಾಸನದಲ್ಲಿ, ಕಿರಿಯಳು ಮೇ 13ರಂದು ಪುಣೆಯಲ್ಲಿ, ಹಿರಿಯಳು ಮೇ 25ರಂದು ದೆಹಲಿಯಲ್ಲಿ. ಮೂವರ ಎಡಗೈ ತೋರುಬೆರಳಿಗೂ ಬಿದ್ದದ್ದು ಒಂದೇ ಶಾಯಿ, ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರಿಂದ ದೇಶದ ಚುನಾವಣೆಗಳಿಗೆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿರುವುದು ಅದೇ. ಅದರಲ್ಲಿರುವ ಬೆಳ್ಳಿಯ ಲವಣ ಬೆಳಕಿಗೆ ಕಪ್ಪಾಗಿ ಚರ್ಮಕ್ಕೂ ಉಗುರಿಗೂ ಕಚ್ಚಿಕೊಳ್ಳುತ್ತದೆ. ಚರ್ಮದ ಗುರುತು ಕೆಲವು ವಾರಗಳಲ್ಲಿ ಹೋಗುತ್ತದೆ. ಉಗುರಿನದು ಹೋಗಬೇಕಾದರೆ ಉಗುರು ಬೆಳೆದು ತುದಿಗೆ ಬಂದು ಕತ್ತರಿಸಿಕೊಳ್ಳಬೇಕು. ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪರರಾಜ್ಯಗಳಲ್ಲಿ ಕುಳಿತು ಬೆರಳು ತೋರಿಸಿ, ‘ನಮ್ಮೂರ ಶಾಯಿ’ ಎಂದು ಹೇಳಿಕೊಳ್ಳುವ ಸಂತೋಷ ನಮ್ಮ ಓದುಗರಿಗೂ ತಿಳಿದಿರುತ್ತದೆ.

ಜೂನಿನಲ್ಲಿ ಅಮ್ಮ ಪುಣೆಗೆ ಬಂದಳು. ಅವಳ ಉಗುರುಗಳೂ ತುದಿಯಲ್ಲಿ ಸೀಳಿದ್ದವು. ಆ ಹೊತ್ತಿಗೆ ನಾವು ಲೇಪಗಳನ್ನು ದಾಟಿ ಮಾತ್ರೆಗಳಿಗೆ ಬಂದಿದ್ದೆವು. ಕೂದಲಿಗೂ ಉಗುರಿಗೂ ಒಳ್ಳೆಯದೆಂದು ಮಾರುವ ಬಯೋಟಿನ್ ಅದು, ಬಿ ಗುಂಪಿನ ಒಂದು ಜೀವಸತ್ವ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ನಮ್ಮ ಮಾತ್ರೆಯಲ್ಲಿದ್ದದ್ದು 10 ಮಿಲಿಗ್ರಾಂ, ಅಂದರೆ ಅದರ ಮುನ್ನೂರು ಪಟ್ಟಿಗೂ ಹೆಚ್ಚು. ದೆಹಲಿಯಿಂದ ಹಿರಿಯಳು ಮೂರು ತಿಂಗಳ ಡಬ್ಬಿ ಕಳಿಸಿದಳು, ಕಿರಿಯಳು ದಿನವೂ ತಪ್ಪದೆ ಕೊಟ್ಟಳು.

“ಉಗುರು ಗಟ್ಟಿ ಮಾಡ್ಕೊಂಡು ನಾನು ಯಾರನ್ನ ಪರಚ್ಬೇಕೇ?” ಎಂದು ಅಮ್ಮ ನಕ್ಕಳು. ಆದರೂ ಮಗಳು ಕೊಟ್ಟದ್ದೆಂದು ನುಂಗಿದಳು.

ಅಮ್ಮನಿಗೆ ಹನ್ನೆರಡು ವರ್ಷಗಳಿಂದ ಥೈರಾಯ್ಡ್ ಕೊರತೆ ಇದೆ. ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ 100 ಮೈಕ್ರೋಗ್ರಾಮಿನ ಪುಟ್ಟ ಮಾತ್ರೆ ತೆಗೆದುಕೊಳ್ಳುತ್ತಾಳೆ. ಜುಲೈನಲ್ಲಿ ಎಂದಿನಂತೆ ರಕ್ತಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ತೀರಾ ಕಡಿಮೆ, ಥೈರಾಯ್ಡ್ ಹಾರ್ಮೋನು ಹೆಚ್ಚು ಎಂದು ಬಂತು. ಮಾತ್ರೆ ಜಾಸ್ತಿಯಾಗಿದೆ ಎಂಬುದೇ ಅದರ ಸಹಜವಾದ ಅರ್ಥ. ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವೈದ್ಯರು ಮರಾಠಿಯಲ್ಲಿ ಕೇಳಿದರು. ಅಮ್ಮನಿಗೆ ಮರಾಠಿ ಬಾರದು. ಕಿರಿಯಳು ಆ ಪ್ರಶ್ನೆಯನ್ನು ಅಮ್ಮನಿಗೆ ದಾಟಿಸಲೇ ಇಲ್ಲ. ತಾನೇ “ಇಲ್ಲ” ಎಂದಳು. ಉಗುರಿನ ಮಾತ್ರೆ ಔಷಧವೆಂದು ಅವಳಿಗೆ ತೋಚಿರಲಿಲ್ಲ. ಹಿರಿಯಳು ಅಲ್ಲಿದ್ದರೂ ಅದನ್ನೇ ಹೇಳುತ್ತಿದ್ದಳು. ಥೈರಾಯ್ಡ್ ಮಾತ್ರೆ 50ಕ್ಕೆ ಇಳಿಯಿತು.

ಸೆಪ್ಟೆಂಬರಿನಲ್ಲಿ ದೆಹಲಿಗೆ ಬಂದ ಅಮ್ಮ ಬೇರೆಯೇ ಅಮ್ಮನಾಗಿದ್ದಳು. ಮಾತು ನಿಧಾನ, ದನಿ ದಪ್ಪ. ನಾವು ಫ್ಯಾನ್ ತಿರುಗಿಸಿಕೊಂಡು ಮಲಗಿದರೆ ಅವಳು ರಗ್ಗು ಕೇಳುತ್ತಿದ್ದಳು. ಮಧ್ಯಾಹ್ನ ಕಾಫಿಯ ಲೋಟ ಹಿಡಿದುಕೊಂಡೇ ತೂಕಡಿಸುತ್ತಿದ್ದಳು. ಕೇಳಿದರೆ, “ವಯಸ್ಸಾಗ್ಲಿಲ್ವೇನೇ, ಬಿಡು” ಎನ್ನುವಳು. ನಾವೂ ಬಿಟ್ಟೆವು. ಉಗುರುಗಳು ಇನ್ನಷ್ಟು ಸೀಳತೊಡಗಿದ್ದನ್ನು ಮಾತ್ರ ಬಿಡಲಿಲ್ಲ; ಇನ್ನೊಂದು ಡಬ್ಬಿ ತರಿಸಿದೆವು.

ದಸರೆಗೆ ಕಿರಿಯಳೂ ದೆಹಲಿಗೆ ಬಂದಳು. ಗೊಂಬೆ ಜೋಡಿಸುವಾಗ ಮೂವರ ಕೈಗಳೂ ಒಂದೇ ಮೆಟ್ಟಿಲ ಮೇಲೆ ಸೇರಿದವು. ನಮ್ಮಿಬ್ಬರ ಬೆರಳುಗಳಲ್ಲಿ ಶಾಯಿಯ ಗುರುತು ಯಾವಾಗಲೋ ಹೋಗಿತ್ತು. ನಮಗಿಂತ ಮೊದಲು ಮತ ಹಾಕಿದ್ದ ಅಮ್ಮನ ಉಗುರಿನ ತುದಿಯಲ್ಲಿ ಕಪ್ಪು ಇನ್ನೂ ಉಳಿದಿತ್ತು. “ಅಮ್ಮನ ವೋಟು ನಮ್ಮದಕ್ಕಿಂತ ಗಟ್ಟಿ” ಎಂದು ನಗಾಡಿ ಪಟ್ಟದ ಗೊಂಬೆಗೆ ಸೀರೆ ಉಡಿಸಲು ಹೋದೆವು.

ಹಬ್ಬ ಮುಗಿದ ವಾರ, ಅಮ್ಮನ ಕಾಲು ಊದಿಕೊಂಡಿತೆಂದು ಹಿರಿಯಳು ಒಬ್ಬ ವೈದ್ಯೆಯ ಬಳಿಗೆ ಕರೆದೊಯ್ದಳು. ಆಕೆ ನಾಡಿ ಹಿಡಿಯಲು ಎಡಗೈ ತೆಗೆದುಕೊಂಡವರು ಬೆರಳಿನ ತುದಿಯನ್ನು ನೋಡುತ್ತ ನಿಂತರು. ಇದು ಯಾವ ಚುನಾವಣೆಯದು ಎಂದು ಹಿಂದಿಯಲ್ಲಿ ಕೇಳಿದರು. ಲೋಕಸಭೆಯದು, ಏಪ್ರಿಲಿನದು ಎಂದೆವು. ಬೇರೆ ಏನೇನು ತೆಗೆದುಕೊಳ್ಳುತ್ತಾರೆ, ಅವರನ್ನೇ ಕೇಳಿ ಎಂದರು. ಆ ‘ಅವರನ್ನೇ’ ಎಂಬ ಒತ್ತು ಇರದಿದ್ದರೆ ನಾವು ಈ ಸಲವೂ ಅಮ್ಮನ ಪರವಾಗಿ ಉತ್ತರಿಸಿಬಿಡುತ್ತಿದ್ದೆವೋ ಏನೋ. ಕನ್ನಡದಲ್ಲಿ ಕೇಳಿದಾಗ ಅಮ್ಮ ಯಾವ ಸಂಕೋಚವೂ ಇಲ್ಲದೆ ಹೇಳಿದಳು: “ಥೈರಾಯ್ಡಿಂದು, ಬಿಪಿದು, ಆಮೇಲೆ ಮಕ್ಕಳು ಕೊಡೋ ಉಗುರಿನ ಮಾತ್ರೆ.”

ವೈದ್ಯೆ ವಿವರಿಸಿದರು. ಬಯೋಟಿನ್ ಒಂದು ಬಗೆಯ ಪ್ರೋಟೀನಿಗೆ ಬಹಳ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪ್ರಯೋಗಾಲಯಗಳ ಹಲವು ರಕ್ತಪರೀಕ್ಷೆಗಳು ಈ ಗುಣವನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿಕೊಂಡಿದ್ದರೆ ಅದು ಮೊದಲೇ ಹೋಗಿ ಆ ಜಾಗಗಳಲ್ಲಿ ಕುಳಿತುಬಿಡುತ್ತದೆ. ಹಾಸನದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ಹಾಗೆ ಎಂದು ನಾವು ಅರ್ಥಮಾಡಿಕೊಂಡೆವು. ಆಗ ಟಿಎಸ್‌ಎಚ್ ಇಲ್ಲದಷ್ಟು ಕಡಿಮೆಯಾಗಿಯೂ ಹಾರ್ಮೋನು ಇಲ್ಲದಷ್ಟು ಹೆಚ್ಚಾಗಿಯೂ ಕಾಣಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲಿಯೇ ಈ ಕುರಿತು ಎಚ್ಚರಿಕೆ ಪ್ರಕಟಿಸಿತ್ತು. ಥೈರಾಯ್ಡ್ ಕೊರತೆಯಾದರೆ ಉಗುರು ನಿಧಾನವಾಗಿ ಬೆಳೆಯುತ್ತದೆ, ಸುಲಭವಾಗಿ ಸೀಳುತ್ತದೆ ಎಂದೂ ಆಕೆ ಹೇಳಿದರು. ವಯಸ್ಸಿನಿಂದಲೂ ಹಾಗಾಗುವುದುಂಟು, ಆದರೆ ಚಳಿ, ಊತ, ದನಿ ಎಲ್ಲವೂ ಒಂದೇ ಕಡೆಗೆ ಬೆರಳು ಮಾಡುತ್ತಿದ್ದವು.

ಬಯೋಟಿನ್ ನಿಲ್ಲಿಸಿ ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದೆವು. ಟಿಎಸ್‌ಎಚ್ ಮಿತಿಯ ನಾಲ್ಕು ಪಟ್ಟು ಮೇಲಿತ್ತು. ಅಮ್ಮ ಮೂರು ತಿಂಗಳು ಅರ್ಧ ಔಷಧದಲ್ಲಿ ಬದುಕಿದ್ದಳು.

ಆ ರಾತ್ರಿ ನಾವಿಬ್ಬರೂ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಕಚೇರಿಯಲ್ಲಿ ಹಿರಿಯಳು ಕಲಿತ ಒಂದು ಪಾಠವಿದೆ: ಕಡತದಿಂದ ಒಂದು ಹಾಳೆ ಬಿದ್ದುಹೋದರೆ ಉಳಿದ ಹಾಳೆಗಳೆಲ್ಲ ಸೇರಿ ತಪ್ಪು ತೀರ್ಮಾನವನ್ನೂ ಸರಿಯೆಂದೇ ತೋರಿಸುತ್ತವೆ. ಪುಣೆಯ ವೈದ್ಯರ ಮುಂದಿದ್ದ ಕಡತದಿಂದ ಆ ಹಾಳೆಯನ್ನು ತೆಗೆದವರು ನಾವು. ನಮಗೆ ಅದಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ಅಮ್ಮನ ಉಗುರು ತನಗೆ ತಿಳಿದ ರೀತಿಯಲ್ಲಿ ಒಳಗಿನ ಸುದ್ದಿಯನ್ನು ಹೊರಗೆ ಹೇಳುತ್ತಲೇ ಇತ್ತು. ನಾವು ಅದನ್ನು ಕೇಳದೆ, ಚೆಂದ ಮಾಡಲು ಹೊರಟೆವು. ಅದು ಇನ್ನೂ ಜೋರಾಗಿ ಹೇಳಿದಾಗ ಇನ್ನೊಂದು ಡಬ್ಬಿ ತರಿಸಿದೆವು. ಊರು ಬಿಟ್ಟು ಬಂದ ಮಕ್ಕಳಲ್ಲಿ ಇದೊಂದು ಚಾಳಿ ಬೆಳೆದುಬಿಡುತ್ತದೆ. ಅಮ್ಮಂದಿರಿಗೆ ಬಾರದ ಭಾಷೆಗಳಲ್ಲಿ ನಾವು ಅವರ ನಾಲಗೆಯಾಗುತ್ತೇವೆ. ಕ್ರಮೇಣ ಅವರನ್ನು ಕೇಳದೆಯೇ ಅವರ ಉತ್ತರಗಳನ್ನು ಕೊಡುತ್ತೇವೆ.

ಅಮ್ಮನ ಮುಂದೆ ಇದನ್ನೆಲ್ಲ ಹೇಳಿ ಕ್ಷಮೆ ಕೇಳಿದಾಗ ಅವಳು, “ನೀವು ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಇನ್ಮೇಲೆ ಡಾಕ್ಟ್ರು ಕೇಳಿದ್ದನ್ನ ನಂಗೂ ಹೇಳಿ” ಎಂದಳು. ಮಾತ್ರೆ ಮತ್ತೆ 100ಕ್ಕೆ ಏರಿತು. ಸಂಕ್ರಾಂತಿಯ ಹೊತ್ತಿಗೆ ದನಿ ತಿಳಿಯಾಯಿತು, ಕಾಲಿನ ಊತ ಇಳಿಯಿತು, ಎಳ್ಳು-ಬೆಲ್ಲದ ಕೊಬ್ಬರಿಯನ್ನು ನಮಗಿಂತ ಸಣ್ಣಗೆ ತಾನೇ ಹೆಚ್ಚಿದಳು.

ನಮ್ಮ ಬಚ್ಚಲುಮನೆಯ ಸೀಸೆಗಳು ಈಗ ಕಡಿಮೆಯಾಗಿವೆ. ಪಾತ್ರೆ ತೊಳೆಯುವಾಗ ಕೈಗವಸು ಹಾಕುತ್ತೇವೆ, ಉಗುರನ್ನು ಗಿಡ್ಡವಾಗಿ ಕತ್ತರಿಸುತ್ತೇವೆ, ಬುಡದ ಪೊರೆಗೆ ಕತ್ತರಿ ಸೋಕಿಸುವುದಿಲ್ಲ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಬೆರಳಿಟ್ಟು, ಒರೆಸಿ, ಕೊಬ್ಬರಿ ಎಣ್ಣೆ ತಿಕ್ಕುತ್ತೇವೆ. ವೈದ್ಯರ ಬಳಿಗೆ ಹೋಗುವಾಗ ಅಮ್ಮನ ಚೀಲದಲ್ಲಿ ಒಂದು ಚೀಟಿ ಇರುತ್ತದೆ. ಅವಳು ನುಂಗುವ ಪ್ರತಿಯೊಂದೂ, ಚೂರ್ಣ ಕಷಾಯಗಳೂ ಸೇರಿದಂತೆ, ಅದರಲ್ಲಿ ಬರೆದಿರುತ್ತದೆ. ಬರೆದವಳು ಅವಳೇ.

2025ರ ಆಷಾಢದಲ್ಲಿ ರಜೆ ಹಾಕಿ ಇಬ್ಬರೂ ಹಾಸನಕ್ಕೆ ಹೋದೆವು. ಹಿತ್ತಲಿನ ಗೋರಂಟಿ ಸೊಪ್ಪು ರುಬ್ಬಿ ಮೂವರೂ ಮೆತ್ತಿಕೊಂಡೆವು. ದೀಪಾವಳಿಯ ದಿನ ಮೂರು ಊರುಗಳಿಂದ ವಿಡಿಯೋ ಕರೆಯಲ್ಲಿ ಸೇರಿ, ಪರದೆಯ ಮುಂದೆ ಬೆರಳುಗಳನ್ನು ಹಿಡಿದೆವು. ಮೂವರದೂ ಕೆಂಪು ತುದಿಗೆ ಸರಿದಿತ್ತು. ಅಮ್ಮನದು ಒಂದು ಎಳೆಯಷ್ಟು ಹಿಂದೆ, ಅವಳ ವಯಸ್ಸಿಗೆ ಸಲ್ಲುವಷ್ಟು. ನಾವು ಇನ್ನೂ ಕಣ್ಣು ಕಿರಿದು ಮಾಡಿಕೊಂಡು ಅಳೆಯುತ್ತಲೇ ಇದ್ದೆವು.

“ಇನ್ನು ಕೈ ತೆಗೀಲೇನ್ರೇ?” ಎಂದಳು ಅಮ್ಮ. “ಒಲೆ ಮೇಲೆ ಹೂರಣ ಇದೆ.”