ಭಯದ ಚಿತ್ರಗಳ ಎರಡನೆಯ ನೋಟ

ಭಯಪಡುವುದರಲ್ಲಿಯೂ ಒಂದು ಸುಖವಿದೆ. ಇಲ್ಲವಾದರೆ ಹಣ ಕೊಟ್ಟು, ಕತ್ತಲೆಯಲ್ಲಿ ಕುಳಿತು ದೆವ್ವದ ಚಿತ್ರ ನೋಡುವವರು ಯಾರು? ಆದರೆ ಬಾಗಿಲು ಯಾವಾಗ ಕಿರ್ರೆನ್ನುತ್ತದೆ, ದೀಪ ಯಾವಾಗ ಆರುತ್ತದೆ ಎಂಬುದೆಲ್ಲ ತಿಳಿದ ಮೇಲೆಯೂ ಅದೇ ಚಿತ್ರವನ್ನು ಮತ್ತೆ ಮತ್ತೆ ನೋಡುವವನಿಗೆ ದೊರೆಯುವುದೇನು? ಮಿತ್ರರು ನನ್ನನ್ನು ಹಲವು ಬಾರಿ ಕೇಳಿರುವ ಈ ಪ್ರಶ್ನೆಗೆ ಉತ್ತರವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮೂರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಗದ್ದೆಯ ಕೆಲಸ ಮುಗಿಸಿ ಬಂದವರಿಗೆ ಪೇಟೆಯ ಚಿತ್ರಮಂದಿರ ದೂರದ ಮಾತು, ನಡುಮನೆಯ ಟಿ.ವಿ.ಯೇ ನಮ್ಮ ಚಿತ್ರಮಂದಿರ. ಅವ್ವ ಸೊಪ್ಪು ಬಿಡಿಸುತ್ತಾಳೆ, ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾಳೆ, ನಾನು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಓದುವಂತೆ ನಟಿಸುತ್ತೇನೆ. ನಮ್ಮ ಸೀಮೆಗೆ ದೆವ್ವವೇನೂ ಹೊಸ ಅತಿಥಿಯಲ್ಲ. ಗಾಳಿ ಸೋಕಿತೆಂದು ನಂಬಿದವರನ್ನು ಎಲ್ಲೆಲ್ಲಿಂದಲೋ ಕರೆತರುವ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ನಮ್ಮ ತಾಲ್ಲೂಕಿನಲ್ಲಿಯೇ, ತುಂಗಭದ್ರೆಯ ದಡದಲ್ಲಿದೆ.

ಚಿಕ್ಕಂದಿನಲ್ಲಿ ನನ್ನ ನಿದ್ದೆ ಕೆಡಿಸಿದ ಚಿತ್ರ 1979ರ ‘ನಾ ನಿನ್ನ ಬಿಡಲಾರೆ’. ಗಂಡನಾಗಿ ಅನಂತನಾಗ್, ಹೆಂಡತಿಯಾಗಿ ಲಕ್ಷ್ಮಿ. ಗಂಡನ ಮೈಮೇಲೆ ಹೆಣ್ಣೊಂದರ ಪ್ರೇತ ಬರುತ್ತದೆ. ಆ ಕಣ್ಣು, ಆ ನಗು ಕಂಡರೆ ನಾನು ಅಜ್ಜಿಯ ಸೆರಗಿನೊಳಗೆ ಸೇರುತ್ತಿದ್ದೆ. ‘ನಾ ನಿನ್ನ ಬಿಡಲಾರೆ’ ಎಂಬುದು ಪ್ರೇತದ ಬೆದರಿಕೆಯ ಮಾತೆಂದೇ ಆಗ ತಿಳಿದಿದ್ದೆ. ಕಾಲೇಜಿಗೆ ಸೇರಿದ ಮೇಲೆ ಮತ್ತೆ ನೋಡಿದಾಗ ಅದೇ ಮಾತು ಹೆಂಡತಿಯದಾಗಿ ಕೇಳಿಸಿತು. ಎಲ್ಲರೂ ಹೆದರಿದರೂ ಅವಳು ಗಂಡನನ್ನು ಬಿಡುವುದಿಲ್ಲ. ರಾಯರಲ್ಲಿ ನಂಬಿಕೆಯಿಟ್ಟು ನಿಲ್ಲುತ್ತಾಳೆ. ಆ ರಾಯರ ಮಂತ್ರಾಲಯವಿರುವುದೂ ನಮ್ಮ ತುಂಗಭದ್ರೆಯ ದಡದಲ್ಲಿಯೇ.

ವಿಜ್ಞಾನದ ಕಲ್ಪನೆಯ ಚಿತ್ರಗಳು ಕನ್ನಡದಲ್ಲಿ ವಿರಳ. ಉಪೇಂದ್ರ ನಟಿಸಿದ 2002ರ ‘ಹಾಲಿವುಡ್’ ಅವುಗಳಲ್ಲೊಂದು. ಮನುಷ್ಯನಂತೆಯೇ ಇರುವ ಯಂತ್ರಕ್ಕೆ ಪ್ರೀತಿ ಹುಟ್ಟುವ ಕಥೆ. ಅದನ್ನು ನೋಡಿ ಅಜ್ಜಿ, “ಕಬ್ಬಿಣಕ್ಕೂ ದೆವ್ವ ಹಿಡಿದೈತಲ್ಲೋ!” ಎಂದಳು. ನಾವೆಲ್ಲ ನಕ್ಕೆವು. ಆದರೆ ಯೋಚಿಸಿದರೆ ಅಜ್ಜಿಯ ಮಾತಿನಲ್ಲಿ ಹುರುಳಿದೆ. ತಿಳಿಯದ ಮನಸ್ಸು ಯಾವುದರೊಳಗೆ ಕಂಡರೂ ಅದಕ್ಕೆ ನಾವು ಇಡುವುದು ಒಂದೇ ಹೆಸರು.

‘ಆಪ್ತಮಿತ್ರ’ ತೆರೆಗೆ ಬಂದದ್ದು 2004ರಲ್ಲಿ. ಅದು ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಿನ ಚಿತ್ರ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಅದಕ್ಕೆ ಮೂಲ. ನಾಗವಲ್ಲಿಯಾಗಿ ಬದಲಾಗುವ ಗಂಗಾಳ ಪಾತ್ರ ಮಾಡಿದ ಸೌಂದರ್ಯ, ಚಿತ್ರದ ಬಿಡುಗಡೆಗೆ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ವಿಷ್ಣುವರ್ಧನರು ವಹಿಸಿದ ವೈದ್ಯನ ಪಾತ್ರ ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎನ್ನುತ್ತದೆ. ವಿಶೇಷವೆಂದರೆ ಆ ವೈದ್ಯ ಮಾಂತ್ರಿಕ ವಿದ್ಯೆಯ ಆಚಾರ್ಯರನ್ನು ಹೊರಗೆ ಕಳುಹಿಸುವುದಿಲ್ಲ. ಇಬ್ಬರೂ ಸೇರಿಯೇ ಅವಳನ್ನು ಉಳಿಸುತ್ತಾರೆ.

ಈ ಚಿತ್ರ ನಮ್ಮ ಮನೆಯಲ್ಲಿ ಬರಿಯ ಚಿತ್ರವಾಗಿ ಉಳಿಯಲಿಲ್ಲ. ನನ್ನ ಚಿಕ್ಕಮ್ಮ ಎರಡನೆಯ ಹೆರಿಗೆಯ ತರುವಾಯ ನಿದ್ದೆ ಬಿಟ್ಟಳು, ಕೂಸನ್ನು ಎತ್ತಿಕೊಳ್ಳದಾದಳು, ತನ್ನದಲ್ಲದ ದನಿಯಲ್ಲಿ ಗೋಡೆಯೊಡನೆ ಮಾತನಾಡತೊಡಗಿದಳು. ಗಂಡನ ಮನೆಯವರು ದೆವ್ವವೆಂದು ನಿಶ್ಚಯಿಸಿ ತವರಿಗೆ ಕಳುಹಿಸಿದರು. ಅವ್ವ ಅಜ್ಜಯ್ಯನಿಗೆ ಹರಕೆಯನ್ನೂ ಹೊತ್ತಳು, ದಾವಣಗೆರೆಗೆ ವೈದ್ಯರ ಬಳಿಗೂ ಕರೆದೊಯ್ದಳು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಹೀಗಾಗುವುದುಂಟು, ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಗುಣವಾಗುತ್ತದೆ ಎಂದರು ವೈದ್ಯರು. ತಿಂಗಳುಗಟ್ಟಲೆ ಅವ್ವ ಗುಳಿಗೆ ನುಂಗಿಸಿದಳು. ರಾತ್ರಿ ಪಕ್ಕದಲ್ಲಿಯೇ ಮಲಗಿದಳು. ಗುಣ ಕಂಡಿತು.

ಕಳೆದ ಬೇಸಗೆಯಲ್ಲಿ ಚಿಕ್ಕಮ್ಮ ನಮ್ಮೊಡನೆ ಕುಳಿತು ‘ಆಪ್ತಮಿತ್ರ’ ನೋಡಿದಳು. ಗಂಗಾ ಮಂಚವನ್ನೆತ್ತುವ ದೃಶ್ಯ ಬಂದಾಗ ಟಿ.ವಿ. ಆರಿಸಲು ನಾನು ಎದ್ದೆ. “ಇರಲಿ ಬಿಡಪ್ಪಾ” ಎಂದಳು. ಚಿತ್ರ ಮುಗಿದ ಮೇಲೆ ಮೆಲ್ಲಗೆ ಕೇಳಿದಳು: “ಏನೇನಾತು ಅಂತ ಆಮೇಲೆ ಆಕಿಗೆ ಯಾರಾದ್ರೂ ಹೇಳಿದ್ರೇನಕ್ಕಾ?”

ಅವ್ವ ಸೊಪ್ಪಿನಿಂದ ತಲೆಯೆತ್ತಲಿಲ್ಲ. “ಎಲ್ಲಾ ಯಾಕ ಹೇಳಬೇಕು? ಜೊತಿಗೆ ಇದ್ದರು, ಅಷ್ಟು ಸಾಕು” ಎಂದಳು.

ಅಷ್ಟು ಬಾರಿ ಆ ಚಿತ್ರ ನೋಡಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾವು ನೋಡುವುದು ಮಂಚವೆತ್ತಿದ ಕೈಯನ್ನು; ಚಿಕ್ಕಮ್ಮ ನೋಡಿದ್ದು ಮರುದಿನ ಬೆಳಗ್ಗೆ ಏನೂ ತಿಳಿಯದೆ ಏಳುವ ಹೆಣ್ಣನ್ನು.

ಈಗ ಈ ಚಿತ್ರಗಳ ಹೆಸರುಗಳನ್ನೇ ನೋಡಿ. ಒಂದು ‘ನಾ ನಿನ್ನ ಬಿಡಲಾರೆ’, ಇನ್ನೊಂದು ‘ಆಪ್ತಮಿತ್ರ’, ಅದರ ಮುಂದುವರಿಕೆಯಾಗಿ 2010ರಲ್ಲಿ ಬಂದದ್ದು ‘ಆಪ್ತರಕ್ಷಕ’. ಹೆದರಿಸಲೆಂದೇ ತೆಗೆದ ಚಿತ್ರಗಳು, ಆದರೆ ಒಂದಕ್ಕೂ ದೆವ್ವದ ಹೆಸರಿಲ್ಲ. ಒಂದು ಚಿತ್ರ ಭಕ್ತಿಯೆನ್ನುತ್ತದೆ, ಇನ್ನೊಂದು ವೈದ್ಯವೆನ್ನುತ್ತದೆ. ಚಿಕಿತ್ಸೆಯ ವಿಷಯದಲ್ಲಿ ನನ್ನ ನಂಬಿಕೆ ವೈದ್ಯದ ಕಡೆಗೇ. ಅದರ ಫಲವನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ವೈದ್ಯರ ಬಳಿಗೆ ಕೈಹಿಡಿದು ಕರೆದೊಯ್ಯುವವರು ಬೇಕಲ್ಲ! ಗುಳಿಗೆ ತಾನೇ ನಡೆದು ಬಂದು ಬಾಯಿ ಸೇರುವುದಿಲ್ಲ.

ಮೊದಲ ನೋಟದಲ್ಲಿ ನಾವು ದೆವ್ವಕ್ಕೆ ಹೆದರುತ್ತೇವೆ. ಎರಡನೆಯ ನೋಟದಲ್ಲಿ, ಅಂಥ ಹೊತ್ತಿನಲ್ಲಿ ಜೊತೆಗೆ ಯಾರೂ ಇಲ್ಲದವರ ಗತಿಯೇನು ಎಂದು ಹೆದರುತ್ತೇವೆ. ಈ ಎರಡನೆಯ ಹೆದರಿಕೆ ಒಳ್ಳೆಯದೆಂದು ನನ್ನ ಭಾವನೆ. ಅದು ಮನುಷ್ಯನನ್ನು ಇನ್ನೊಬ್ಬರ ಪಕ್ಕದಲ್ಲಿ ಕೂರಿಸುತ್ತದೆ.