ದೇವದಾರಿನ ಒಂದು ಹಿಡಿ ಬೀಜ

ಶ್ರೀನಗರದ ಜಾಮಿಯಾ ಮಸೀದಿಯೊಳಗೆ ಕಾಲಿಟ್ಟಾಗ ಕಾಡಿನೊಳಗೆ ಬಂದಂತೆ ಅನಿಸಿತು. ಎತ್ತ ನೋಡಿದರೂ ದೇವದಾರು ಮರದ ಕಂಬಗಳು. ಒಟ್ಟು 378 ಇವೆಯಂತೆ. ಸುಲ್ತಾನ್ ಸಿಕಂದರ್ 1394ರಲ್ಲಿ ಕಟ್ಟಲು ಆರಂಭಿಸಿದ ಈ ಮಸೀದಿ ಹಲವು ಬಾರಿ ಬೆಂಕಿಗೆ ಆಹುತಿಯಾಗಿದೆ. 1674ರ ಬೆಂಕಿಯ ಬಳಿಕ ಔರಂಗಝೇಬರ ಕಾಲದಲ್ಲಿ ಮತ್ತೆ ಎದ್ದು ನಿಂತಿತು.

"ಉಮ್ಮಾ, ಮರ ಇಷ್ಟು ದೊಡ್ಡದಾಗಲು ಎಷ್ಟು ವರ್ಷ ಬೇಕು?" ಮಗಳು ಕೇಳಿದಳು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಪಹಲ್ಗಾಮ್‌ಗೆ ಹೋದೆವು. ಅಕ್ಟೋಬರ್ ಕೊನೆಯ ವಾರ. ದೇವದಾರಿನ ಕಾಯಿ ಕೊಂಬೆಯ ಮೇಲೆ ಮೊಟ್ಟೆ ನಿಲ್ಲಿಸಿಟ್ಟಂತೆ ನೆಟ್ಟಗೆ ಕೂತಿರುತ್ತದೆ. ಬಲಿಯಲು ಸುಮಾರು ಒಂದು ವರ್ಷ ಬೇಕು. ಬಲಿತ ಕಾಯಿ ಇಡಿಯಾಗಿ ಬೀಳುವುದಿಲ್ಲ. ಮರದಲ್ಲೇ ಪದರ ಪದರವಾಗಿ ಕಳಚಿ, ರೆಕ್ಕೆಯಿರುವ ಬೀಜಗಳು ಗಾಳಿಗೆ ಹಾರುತ್ತವೆ. ಚಳಿಗಾಲವಿಡೀ ಹಿಮದಡಿ ಮಲಗಿದ್ದು, ಹಿಮ ಕರಗಿದಾಗ ಮೊಳೆಯುತ್ತವೆ. ಅಲ್ಲಿನ ವೃದ್ಧ ತೋಟಗಾರರೊಬ್ಬರು ಮಗಳ ಅಂಗೈಗೆ ಒಂದು ಹಿಡಿ ಬೀಜ ಹಾಕಿದರು. "ಬೇಟಿ, ಇದಕ್ಕೆ ಮೊದಲು ಚಳಿ ಬೇಕು, ಆಮೇಲೆ ಸಬರ್ ಬೇಕು" ಎಂದರು.

ಕರಾವಳಿಯ ನಮ್ಮ ಮನೆಯಲ್ಲಿ ಹಿಮ ಎಲ್ಲಿಂದ ತರುವುದು? ಬೀಜಗಳನ್ನು ಒಂದು ರಾತ್ರಿ ನೆನೆಸಿ, ಒದ್ದೆ ಮರಳಿನೊಂದಿಗೆ ಡಬ್ಬಿಯಲ್ಲಿ ಹಾಕಿ ನಾಲ್ಕು ವಾರ ಫ್ರಿಜ್‌ನಲ್ಲಿಟ್ಟೆ. ಬಳಿಕ ಮರಳು ಬೆರೆಸಿದ ಸಡಿಲ ಮಣ್ಣಿನಲ್ಲಿ, ಮೇಲಿಂದ ಮೇಲೆ ಬಿತ್ತಿದೆ. ಹನ್ನೊಂದು ಮೊಳೆತವು. ಒಂದೊಂದರ ತಲೆಯ ಮೇಲೂ ಹಸಿರು ಸೂಜಿಗಳ ಪುಟ್ಟ ಕೊಡೆ! ಸಂತೋಷದಲ್ಲಿ ನಾನು ದಿನಕ್ಕೆರಡು ಬಾರಿ ನೀರೆರೆದೆ. ಅದೇ ತಪ್ಪಾಯಿತು. ಬುಡ ಕೊಳೆತು ಒಂದೊಂದಾಗಿ ಬಾಗಿದವು. ಉಳಿದಿದ್ದ ಒಂದು ಮೇ ತಿಂಗಳ ಸೆಕೆಗೆ ಒಣಗಿತು. ಮಗಳು ಆ ದಿನ ಊಟ ಮಾಡಲಿಲ್ಲ.

ಸಾವಿರಾರು ಅಡಿ ಎತ್ತರದ ಬೆಟ್ಟದ ಮರವನ್ನು ಕಡಲ ಬದಿಗೆ ಕರೆತಂದದ್ದೇ ನನ್ನ ದುರಾಸೆ. ಅಲ್ಲಿಯೂ ಅದು ಚೆನ್ನಾಗಿ ಬೀಜ ಕಟ್ಟಲು ಸುಮಾರು ಮೂವತ್ತು ವರ್ಷ ಬೇಕು. ಕಂಬವಾಗುವಷ್ಟು ದಪ್ಪವಾಗಲು ಒಬ್ಬರ ಆಯುಷ್ಯ ಸಾಲದು. ಮಸೀದಿಯ ಕಂಬಗಳಾದ ಆ ಮರಗಳನ್ನು ಬಿತ್ತಿದ್ದು ಬಹುಶಃ ಗಾಳಿಯೇ. ಕಾಯ್ದದ್ದು ಮಾತ್ರ ಎಷ್ಟೋ ತಲೆಮಾರುಗಳ ಕಾಲ.

ಮಗಳ ಪ್ರಶ್ನೆಗೆ ಉತ್ತರ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ಕುಂಡದಲ್ಲಿ ಹಲಸಿನ ಬೀಜವೊಂದನ್ನು ಊರಿದಳು. ಈ ಸಲ ನೀರು ಹಾಕುವ ಕೆಲಸವನ್ನು ನನಗೆ ಕೊಟ್ಟಿಲ್ಲ.