ಊರ ಕಡೆ ಕಥೆ – 7: ಖಾಲಿ ಕೋವಿ

ಮೊದಲನೇ ಫೋಟೋದಲ್ಲಿ ಕಾಣ್ತಿರೋದು ಒಡೆದ ಹೆಂಚಿನ ಚೂರು. ಮಂಗ ಒಡೆದಿದ್ದಲ್ಲ, ತೆಂಗಿನಕಾಯಿ ಬಿದ್ದಿದ್ದಲ್ಲ. ಮೂರು ವರ್ಷದ ಹಿಂದೆ ನಾನೇ ಒಡೆದಿದ್ದು, "ಖಾಲಿ" ಕೋವಿಯಿಂದ.

ಕಾಲೇಜಲ್ಲಿ ನೀವೆಲ್ಲ ಕೇಳ್ತಾನೇ ಇರ್ತೀರಿ, "ಏ, ನಿಮ್ಮನೇಲಿ ನಿಜವಾಗ್ಲೂ ಗನ್ ಇದ್ಯಾ? ಲೈಸೆನ್ಸ್ ಇಲ್ದೇನೇ?" ಅಂತ. ಹೌದು, ಇದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ, 1861ರಿಂದ, ಈ ವಿನಾಯಿತಿ ಬಂದಿದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದ್ರೆ ಕಾಗದದಲ್ಲಿ ವಿನಾಯಿತಿ ಸಿಕ್ಕಿದ ಮಾತ್ರಕ್ಕೆ ಕೋವಿ ನಮ್ಮನ್ನ ಬಿಟ್ಟುಬಿಡಲ್ಲ. ಇವತ್ತು ಹೇಳೋಕೆ ಹೊರಟಿರೋದು ಅದನ್ನೇ.

ನಮ್ಮ ಕಡೆ ನಾಟಿ ಶುರುವಾದ್ರೆ ಕೋವಿ ದೇವರ ಕೋಣೆ ಸೇರೋದು ಹಳೇ ಪದ್ಧತಿ. ಗದ್ದೆ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ದಿನ, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ ಹೊರಗೆ ತೆಗೀತಾರೆ. ಆಮೇಲೆ ಕಡಂಬುಟ್ಟು, ಪಂದಿಕರಿ, ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ. ನಿಮ್ಮ ರೀಲ್ಸಲ್ಲಿ ಬರೋದು ಇಷ್ಟೇ. ಅದಕ್ಕೆ ಮುಂಚಿನ ವಾರ ಯಾರೂ ರೀಲ್ ಮಾಡಲ್ಲ. ಜೂನ್‌ನಿಂದ ಹಿಡಿದ ಮಳೆಯಲ್ಲಿ ಕಬ್ಬಿಣ ಅಂತ ಇರೋದೆಲ್ಲ ತುಕ್ಕು ಹಿಡಿದಿರುತ್ತೆ. ಆ ವಾರ ಪೂರ್ತಿ ಕೋವಿ ಕ್ಲೀನ್ ಮಾಡೋ ಕೆಲಸ.

ನಮ್ಮಲ್ಲಿ ಎರಡು ಕೋವಿ. ಒಂದು ಅಜ್ಜನ ಜೋಡಿ ನಳಿಗೆ, ಇನ್ನೊಂದು ಅಪ್ಪ ತಂದ 12 ಬೋರ್ ಪಂಪ್ ಆಕ್ಷನ್. ಜೋಡಿ ನಳಿಗೆಯದು ಸುಳ್ಳು ಹೇಳದ ಜಾತಿ. ಮಡಚಿದ ತಕ್ಷಣ ಎರಡು ತೂತು ಎದುರಿಗೇ ಕಾಣುತ್ತೆ, ಆ ಕಡೆ ಬೆಳಕು ಕಂಡ್ರೆ ಖಾಲಿ. ಪಂಪ್ ಹಾಗಲ್ಲ. ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇದೆ, ತೋಟಾಗಳು ಅದರೊಳಗೆ ಒಂದರ ಹಿಂದೆ ಒಂದು ಸಾಲಾಗಿ ಕೂತಿರುತ್ತೆ. ಹಿಡಿಯನ್ನ ಹಿಂದಕ್ಕೆ ಎಳೆದ್ರೆ ನಳಿಗೆಯಲ್ಲಿದ್ದ ತೋಟಾ ಹೊರಗೆ ಹಾರುತ್ತೆ, ಅದೇ ಹೊತ್ತಿಗೆ ಕೊಳವೆಯಿಂದ ಮುಂದಿನದು ಹೊರಬರುತ್ತೆ. ಹಿಡಿಯನ್ನ ಮುಂದಕ್ಕೆ ತಳ್ಳಿದ್ರೆ ಅದು ನಳಿಗೆಗೆ ಹೋಗಿ ಕೂರುತ್ತೆ. ಅಂದ್ರೆ ಒಂದು ಸಲ ಎಳೆದು ತಳ್ಳಿದ್ರೆ ಕೋವಿ ಖಾಲಿ ಆಗಲ್ಲ, ಮತ್ತೆ ಲೋಡ್ ಆಗುತ್ತೆ.

ನಂಗೆ ಅವತ್ತು ಇದು ಗೊತ್ತಿರ್ಲಿಲ್ಲ.

ಹಿಂದಿನ ವಾರ ಗದ್ದೆಗೆ ಹಂದಿ ನುಗ್ಗಿತ್ತು. ಸದ್ದು ಮಾಡಿ ಓಡಿಸೋಣ ಅಂತ ಅಪ್ಪ ಪಂಪ್ ಲೋಡ್ ಮಾಡಿದ್ರು. ಹಂದಿ ತಾನಾಗೇ ಹೋಯ್ತು, ಕೋವಿ ಹಾಗೇ ಮೂಲೆ ಸೇರ್ತು. ಮೊದಲನೇ ತಪ್ಪು ಅಲ್ಲೇ. ನಾನು ನಡುಮನೆಯಲ್ಲಿ ಹಳೇ ಪೇಪರ್ ಹಾಸಿ ಕೂತೆ. ಹಿಡಿ ಎಳೆದೆ, ಒಂದು ತೋಟಾ ಹೊರಗೆ ಬಿತ್ತು. "ಅಜ್ಜ, ಖಾಲಿ ಆಯ್ತು" ಅಂದೆ. ಹಿಡಿ ಮುಂದಕ್ಕೆ ತಳ್ಳಿದೆ. ಸ್ಪ್ರಿಂಗ್ ಸಡಿಲ ಆಗ್ಲಿ ಅಂತ ಟ್ರಿಗರ್ ಒತ್ತಿದೆ.

ಆ ಶಬ್ದ ಮನೆಯೊಳಗೆ ಹೇಗಿರುತ್ತೆ ಅಂತ ಬರೆಯೋಕೆ ನಂಗೆ ಬರಲ್ಲ. ಅವ್ವ ಅಡುಗೆಮನೆಯಿಂದ ಓಡಿಬಂದ್ರು. ಬಾಯಿ ಆಡಿಸ್ತಿದ್ರು, ನಂಗೇನೂ ಕೇಳಿಸ್ತಿರ್ಲಿಲ್ಲ. ಅಟ್ಟದ ಹಲಗೆ ತೂತಾಗಿತ್ತು, ಮೇಲೆ ಹೆಂಚು ಒಡೆದು ಮಳೆನೀರು ಸುರೀತಿತ್ತು. ಕೋವಿಯ ಬಾಯಿ ಮೇಲಕ್ಕಿತ್ತು, ಅದರಿಂದ ಕೆಳಗಿದ್ದೋರು ಬಚಾವ್. ಆದ್ರೆ ನಾನು ಹಾಸಿಕೊಂಡಿದ್ದ ಆ ಹಳೇ ಪೇಪರ್ ತರೋಕೆ ನನ್ನ ತಮ್ಮ ಅಟ್ಟ ಹತ್ತಿದ್ದ. ಇಳಿದು ಐದು ನಿಮಿಷ ಆಗಿತ್ತು, ಅಷ್ಟೇ.

ಅಜ್ಜ ಬೈಯಲಿಲ್ಲ. "ನೀನು ಖಾಲಿ ಅಂದೆ, ನಾನು ನಂಬಿದೆ. ಇಬ್ಬರದೂ ತಪ್ಪು" ಅಂದ್ರು. ಅವತ್ತು ರಾತ್ರಿ ಅವರು ಊಟ ಮಾಡ್ಲಿಲ್ಲ.

ಆವತ್ತಿಂದ ನಮ್ಮನೆ ಕ್ರಮ ಬದಲಾಗಿದೆ. ಎಣ್ಣೆ, ಬ್ರಷ್ ಎಲ್ಲ ಆಮೇಲೆ. ಮೊದಲು ಕೆಲಸ ಮನೆಯೊಳಗಲ್ಲ, ಜಗಲಿಯಲ್ಲಿ, ಕೋವಿಯ ಬಾಯಿ ಎದುರಿನ ಮಣ್ಣಿನ ಬರೆ ಕಡೆಗೆ. ಸೇಫ್ಟಿ ಹಾಕಿ, ಬೆರಳು ಟ್ರಿಗರ್‌ನಿಂದ ದೂರ. ನಳಿಗೆಯದು, ಕೊಳವೆಯದು, ಎಲ್ಲ ತೋಟಾ ಹೊರಗೆ. ಹಿಡಿ ಹಿಂದಕ್ಕೇ ಇಟ್ಟು ಒಳಗೆ ನೋಡ್ಬೇಕು. ಬರೀ ನೋಡಿದ್ರೆ ಸಾಲದು, ಬೆರಳು ಹಾಕಿ ನಳಿಗೆಯ ಬುಡ ಮುಟ್ಟಬೇಕು, ಕೊಳವೆಯ ಬಾಯಿ ಮುಟ್ಟಬೇಕು. ಕೊಳವೆಯಲ್ಲಿ ತೋಟಾ ತಳ್ಳೋ ಬಿಲ್ಲೆ ಬೆರಳಿಗೆ ಸಿಕ್ಕಿದ್ರೆ ಮಾತ್ರ ಖಾಲಿ. ಆಮೇಲೆ ಇನ್ನೊಬ್ಬರ ಕೈಗೆ ಕೊಡ್ಬೇಕು, ಅವರೂ ಇದನ್ನೇ ಮಾಡ್ಬೇಕು. ತೋಟಾ ಬೇರೆ ಕೋಣೆಗೆ. ಇಷ್ಟಾದ ಮೇಲೇ ಎಣ್ಣೆ ಡಬ್ಬಿ ಮುಚ್ಚಳ ತೆಗೆಯೋದು.

ಉಳಿದಿದ್ದು ಸುಲಭ. ಕೊಳವೆಯ ತುದಿಯ ಮುಚ್ಚಳ ತಿರುಗಿಸಿದ್ರೆ ನಮ್ಮ ಕೋವಿಯ ನಳಿಗೆ ಕೈಗೇ ಬರುತ್ತೆ. ಸರಳಿಗೆ ಹಿತ್ತಾಳೆ ಬ್ರಷ್ ಸಿಕ್ಕಿಸಿ, ಕ್ಲೀನಿಂಗ್ ದ್ರಾವಣ ಹಚ್ಚಿ, ಬುಡದಿಂದ ಬಾಯಿ ಕಡೆಗೆ ಉಜ್ಜೋದು. ಆಮೇಲೆ ಅಜ್ಜನ ಹಳೇ ಪಂಚೆ ಹರಿದ ಬಟ್ಟೆ ತುಂಡು. ಮೊದಲು ಕಪ್ಪಗೆ ಬರುತ್ತೆ, ಬೆಳ್ಳಗೆ ಬರೋ ತನಕ ಬಿಡಬಾರದು. ಕೊನೆಗೆ ನಳಿಗೆಯೊಳಗೆ ಒಂದು ಸಲ ಇಣುಕಿ ನೋಡ್ಬೇಕು. ಒಂದು ಬಟ್ಟೆ ತುಂಡು ಒಳಗೇ ಉಳಿದ್ರೆ, ಕಣಜ ಮಣ್ಣಿನ ಗೂಡು ಕಟ್ಟಿದ್ರೆ, ಗುಂಡು ಹೊಡೆದಾಗ ನಳಿಗೆಯೇ ಸಿಡಿಯಬಹುದು.

ಎಣ್ಣೆ ಜಾಸ್ತಿ ಹಾಕೋದು ಎಲ್ಲರೂ ಮಾಡೋ ತಪ್ಪು. ಹಿಡಿ ಜಾರೋ ಕಂಬಿಗಳಿಗೆ ಒಂದೊಂದು ಹನಿ, ಹೊರಗೆ ಒರೆಸಿದಷ್ಟು. ಸುರಿದ್ರೆ ಧೂಳು ಹಿಡಿದು ಅಂಟಾಗುತ್ತೆ, ಮರದ ಹಿಡಿಕೆಗೂ ಇಳಿಯುತ್ತೆ. ಅಜ್ಜ ಹಿಂದೆ ಕೊಬ್ಬರಿ ಎಣ್ಣೆ ಹಚ್ತಿದ್ರಂತೆ, ಚಳಿಗೆ ಅದು ಗಟ್ಟಿಯಾಗಿ ಎಲ್ಲ ಕಚ್ಚಿಕೊಳ್ತಿತ್ತು. ತುಕ್ಕಿನ ಚುಕ್ಕೆ ಕಂಡ್ರೆ ಎಣ್ಣೆ ಹಚ್ಚಿ ತುಂಬ ನುಣುಪಾದ ಸ್ಟೀಲ್ ವೂಲ್‌ನಿಂದ ಮೆತ್ತಗೆ ಉಜ್ಜಿ. ಉಪ್ಪು ಕಾಗದ ಬೇಡ, ಮೇಲಿನ ಕಪ್ಪು ಬಣ್ಣವೇ ಹೋಗುತ್ತೆ. ಮಳೆಗಾಲದಲ್ಲಿ ಚರ್ಮದ ಕವರ್‌ನಲ್ಲಿ ತುಂಬಿಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತೆ. ಮುಟ್ಟಿದ ಮೇಲೆ ಒರೆಸಿ, ನಮ್ಮ ಕೈ ಬೆವರೇ ತುಕ್ಕಿಗೆ ಸಾಕು. ಕೊನೆಗೆ ಸೋಪು ಹಾಕಿ ಕೈ ತೊಳೀರಿ, ಆ ಕಪ್ಪು ಮಸಿಯಲ್ಲಿ ಸೀಸ ಇರುತ್ತೆ.

ಹೆಂಚು ಮಾರನೇ ದಿನವೇ ಬದಲಾಯಿಸಿದ್ವಿ. ಒಡೆದ ಚೂರು ಮಾತ್ರ ಬ್ರಷ್, ಎಣ್ಣೆ ಇಡೋ ಡಬ್ಬಿಯಲ್ಲೇ ಇದೆ. ಅಜ್ಜ ಹಾಕಿದ್ದು. ಡಬ್ಬಿ ತೆಗೆದಾಗೆಲ್ಲ ಮೊದಲು ಅದೇ ಕೈಗೆ ಸಿಗುತ್ತೆ. ಈ ಸಲ ಕ್ಲೀನ್ ಮಾಡೋಕೆ ತಮ್ಮ ಕೂತಿದ್ದ. ಬೆರಳು ಹಾಕಿ ಮುಟ್ಟಿ ನೋಡಿ, "ಖಾಲಿ" ಅಂದ. ನಾನು ಏನೂ ಹೇಳ್ದೆ ಕೈ ಚಾಚಿದೆ. ಅವನೂ ಏನೂ ಕೇಳ್ದೆ ಕೊಟ್ಟ.

ನಿಮ್ಮನೇಲಿ ಕೋವಿ ಇದ್ರೆ, ಪೂಜೆಗೆ ಇಡೋ ಮುಂಚೆ ಯಾರು ನೋಡಿದ್ರು, ಯಾರು ಮುಟ್ಟಿದ್ರು ಅಂತ ಕೇಳಿ. ಯಾರೂ ಇಲ್ಲ ಅಂದ್ರೆ ನಾಚಿಕೆ ಬಿಟ್ಟು ದೊಡ್ಡೋರನ್ನ ಕರೀರಿ. "ಏನ್ ಹೆದರ್ತೀಯಾ" ಅಂತ ನಕ್ರೆ, ಈ ಫೋಟೋ ತೋರಿಸಿ.

ಎಲ್ಲರಿಗೂ ಕೈಲ್ ಪೊಳ್ದ್ ಶುಭಾಶಯ. 🌺

#ಊರಕಡೆಕಥೆ #ಕೊಡಗು #ಕೈಲ್‌ಪೊಳ್ದ್